ಸುರುಳಿಯಲ್ಲಿ ಸಿಕ್ಕ ಕಾಲ
(ರಾಯಚೂರಿನಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಕಾಲ ಚಕ್ರದ ಹಾಗೆ ತಿರುಗುತ್ತದೆ ಅಂತ ಹೇಳಿಬಿಡುತ್ತೇವೆ. ಆ ಮಾತು ನನಗೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. 2025ರ ಯುಗಾದಿಗೆ ವಿಶ್ವಾವಸು ಸಂವತ್ಸರ ಬಂತು. ಅದೇ ಹೆಸರು ಹಿಂದಿನ ಸಲ ಬಂದದ್ದು 1965ರಲ್ಲಿ. ಅರವತ್ತು ಹೆಸರು ಮುಗಿದರೆ ಮತ್ತೆ ಮೊದಲಿನಿಂದ ಎಣಿಕೆ. ಹೆಸರೇನೋ ಮರಳಿತು, ಊರು ಮರಳಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿದ ಮೇಲೆ ಸಿಂಧನೂರು, ಮಾನ್ವಿ ಕಡೆಯ ಎಷ್ಟೋ ಜೋಳದ ಹೊಲ ಭತ್ತದ ಗದ್ದೆಯಾದವು. ಇಲ್ಲಿ ಕೂತ ಹಿರಿಯರೇ ಅದನ್ನು ನೋಡಿದ್ದಾರೆ. ವಿಶ್ವಾವಸುವಿನಲ್ಲಿ ಹುಟ್ಟಿದವರಿಗೆ ಷಷ್ಟ್ಯಬ್ದಿಯೂ ಆಯಿತು. ಸಂವತ್ಸರ ತಿರುಗಿ ಬಂತು ಅಂತ ಮಂಡಿನೋವು ಬಿಡುತ್ತಾ? ಸುತ್ತು ಬಂದದ್ದು ನಿಜ, ಹೊರಟ ಜಾಗಕ್ಕೆ ಬರಲಿಲ್ಲ. ಇದು ಸುರುಳಿಯ ನಡೆ.

ಮಂತ್ರಾಲಯ ಇಷ್ಟು ಹತ್ತಿರ ಇರುವಾಗ ಸಾಲಿಗ್ರಾಮದ ವಿಷಯ ನಿಮಗೆ ಹೊಸದಲ್ಲ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಕಪ್ಪು ಕಲ್ಲು. ಅದರಲ್ಲಿ ಕಾಣುವ ಚಕ್ರ ಅಮೊನೈಟ್ ಎಂಬ ಕಡಲಪ್ರಾಣಿಯ ಚಿಪ್ಪಿನ ಅಚ್ಚು. ಈಗ ಹಿಮಾಲಯ ನಿಂತಿರುವ ಕಡೆ ಆಗ ಸಮುದ್ರವಿತ್ತು. ಆ ಪ್ರಾಣಿ ಬೆಳೆದಂತೆ ಮುಂದಕ್ಕೆ ಸರಿದು, ಹಿಂದೆ ಗೋಡೆ ಕಟ್ಟುತ್ತಿತ್ತು. ವಾಸ ಯಾವಾಗಲೂ ಕೊನೆಯ ಕೋಣೆಯಲ್ಲಿ. ಬಿಟ್ಟ ಕೋಣೆಗಳು ಸುಮ್ನೆ ಬಿದ್ದಿರುತ್ತಿರಲಿಲ್ಲ. ಅವುಗಳ ಮೂಲಕ ಹಾದ ಸಣ್ಣ ಕೊಳವೆ ಒಳಗಿನ ನೀರನ್ನು ಎಳೆದುಕೊಳ್ಳುತ್ತಿತ್ತು, ಆ ಜಾಗದಲ್ಲಿ ಗಾಳಿ ತುಂಬುತ್ತಿತ್ತು. ಅದು ತೇಲುತ್ತಿದ್ದದ್ದೇ ಹಳೆಯ ಕೋಣೆಗಳ ಬಲದಿಂದ! ನಡುವಿನ ಚುಕ್ಕಿ ಅದರ ಬಾಲ್ಯ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲಕ್ಕೇ ಇವೂ ಅಳಿದವು. ದೇವರ ಮನೆಯಲ್ಲಿ ಅಷ್ಟು ಹಳೆಯ ಜೀವ ಕೂತಿದೆ ಅಂತ ತಿಳಿದರೆ ಭಕ್ತಿ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗಬೇಕು.

ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಸಮಾಧಿಯಲ್ಲಿ ಮೂರು ಸುರುಳಿ ಕೂಡಿದ ಕೆತ್ತನೆ ಇದೆ. ಸುಮಾರು 5,200 ವರ್ಷ ಹಳೆಯದು. ಹುಟ್ಟು, ಸಾವು, ಮರುಹುಟ್ಟು ಅಂತ ಅದಕ್ಕೆ ಅರ್ಥ ಹೇಳುವವರಿದ್ದಾರೆ. ಕೆತ್ತಿದವರು ಒಂದಕ್ಷರವನ್ನೂ ಬರೆದಿಟ್ಟಿಲ್ಲ. ಆದರೆ ವರ್ಷದ ಅತಿ ಚಿಕ್ಕ ಹಗಲಿನಂದು ಮುಂಜಾನೆಯ ಬಿಸಿಲು ಒಳಕೋಣೆಗೆ ಬೀಳುವಂತೆ ಕಟ್ಟಿದ್ದಾರೆ. ವರ್ಷ ಹೊರಳುವುದನ್ನು ಅವರು ಕಾದು ನೋಡುತ್ತಿದ್ದರು, ಅಲ್ವಾ?

ಇನ್ನು ಎಲ್ಲ ಸುರುಳಿಗೂ ಒಂದೇ ಅರ್ಥ ಹಚ್ಚಬೇಡಿ. ಚಿಪ್ಪಿನಲ್ಲಿ ನಡು ಹಳೆಯದು, ಅಂಚು ಹೊಸದು. ನಮ್ಮ ಹೊಲದ ಸೂರ್ಯಕಾಂತಿ ಪೂರಾ ಉಲ್ಟಾ. ಅಂಚಿನ ಹೂ ಮೊದಲು ಅರಳುತ್ತದೆ, ನಡುವಿನದು ಕೊನೆಗೆ. ಅಲ್ಲಿ ನಡುವೇ ಕೂಸು. ಒಂದೊಂದು ಮೊಗ್ಗೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಮೂಡುತ್ತದೆ. ಹಾಗಾಗಿ ಕಾಳು ಒತ್ತೊತ್ತಾಗಿ ಕೂರುತ್ತವೆ, ಜಾಗ ಪೋಲಾಗುವುದಿಲ್ಲ. ಈ ಸಲ ತೆನೆ ಕೊಯ್ಯುವಾಗ ಎಡಕ್ಕೆ ತಿರುಗಿದ ಸಾಲು ಎಷ್ಟು, ಬಲಕ್ಕೆ ತಿರುಗಿದ ಸಾಲು ಎಷ್ಟು, ಎಣಿಸಿ ನೋಡಿ. ಹೆಚ್ಚಾಗಿ 34 ಮತ್ತು 55 ಸಿಗುತ್ತವೆ, ದೊಡ್ಡ ತೆನೆಯಾದರೆ 55 ಮತ್ತು 89. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಶುರು ಮಾಡಿದ ಸಾಲಿಗೆ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಸುತ್ತು ಮುಗಿದದ್ದೇ ಗೊತ್ತಾಗುವುದಿಲ್ಲ.