ಎಕ್ಸ್‌ಚೇಂಜ್ ಆಯ್ತಾ?

ಕೇಳುಗರಿಗೆಲ್ಲ ನಮಸ್ಕಾರ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರ, ಮಾರುವವರ ಕಾಗದಪತ್ರ ನೋಡುವ ಸಾಲಿಸಿಟರ್ ನಾನು. ನೀವು ಈಗ ಒಗ್ಗರಣೆ ಹಾಕುತ್ತಿರಬಹುದು, ಕಾರು ಓಡಿಸುತ್ತಿರಬಹುದು. ಪೆನ್ನು ಕಾಗದ ಬೇಡ. ಒಂದೇ ಮಾತು ನೆನಪಿಟ್ಟುಕೊಳ್ಳಿ. ಎಕ್ಸ್‌ಚೇಂಜ್ ಆಗುವವರೆಗೆ ಏನೂ ಆಗಿಲ್ಲ. ಸ್ಕಾಟ್ಲೆಂಡಿನಲ್ಲಿ ಇರುವವರು ಕ್ಷಮಿಸಬೇಕು, ನಿಮ್ಮ ಕಾನೂನೇ ಬೇರೆ.

ಊರಲ್ಲಿ ಹೇಗೆ ಮಾಡುತ್ತೇವೆ? ಸೈಟು ನೋಡುತ್ತೇವೆ, ಮಾತು ಮುಗಿಯುತ್ತದೆ, ಅವತ್ತೇ ಒಂದಿಷ್ಟು ಟೋಕನ್ ಅಡ್ವಾನ್ಸ್ ಕೊಡುತ್ತೇವೆ. ಆಮೇಲೆ ಛಾಪಾ ಕಾಗದದಲ್ಲಿ ಅಗ್ರಿಮೆಂಟ್. ಕೊಟ್ಟ ದುಡ್ಡೇ ಕೊಟ್ಟ ಮಾತು. ಇಲ್ಲಿ ಎಸ್ಟೇಟ್ ಏಜೆಂಟ್ ಫೋನ್ ಮಾಡಿ "ನಿಮ್ಮ ಆಫರ್ ಒಪ್ಪಿದ್ದಾರೆ" ಎನ್ನುತ್ತಾನೆ. ನೀವು ಒಂದು ಪೌಂಡೂ ಕೊಟ್ಟಿರುವುದಿಲ್ಲ. ಮನೆ ಮುಂದೆ ಬೋರ್ಡು ಬೀಳುತ್ತದೆ. ದೊಡ್ಡದಾಗಿ 'ಸೋಲ್ಡ್', ಅದರ ಕೆಳಗೆ ಸಣ್ಣದಾಗಿ 'ಸಬ್ಜೆಕ್ಟ್ ಟು ಕಾಂಟ್ರಾಕ್ಟ್', ಅಂದರೆ ಒಪ್ಪಂದ ಆದರೆ ಮಾತ್ರ. ಓದಬೇಕಾದ್ದು ಆ ಸಣ್ಣಕ್ಷರವನ್ನು. 1989ರ ಕಾಯಿದೆ ಪ್ರಕಾರ ಮನೆ ಮಾರುವ ಒಪ್ಪಂದ ಬರಹದಲ್ಲಿ ಇರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಬಾಯಿಮಾತಿಗೆ, ಕೈ ಕುಲುಕಿದ್ದಕ್ಕೆ, ವಾಟ್ಸಾಪಿನ ನಗುಮುಖಕ್ಕೆ ಬೆಲೆಯಿಲ್ಲ.

ಹಾಗಾದರೆ ಎಕ್ಸ್‌ಚೇಂಜ್ ಅಂದರೆ ಏನು? ಒಂದೇ ಒಪ್ಪಂದದ ಎರಡು ಪ್ರತಿ. ಒಂದಕ್ಕೆ ಮಾರುವವರ ಸಹಿ, ಇನ್ನೊಂದಕ್ಕೆ ನಿಮ್ಮ ಸಹಿ. ಹಿಂದೆಲ್ಲ ಮೇಜಿನ ಆಚೀಚೆ ಕೂತು ಆ ಪ್ರತಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ. ಈಗ ಇಬ್ಬರು ಸಾಲಿಸಿಟರುಗಳು ಫೋನಿನಲ್ಲೇ ಮುಗಿಸುತ್ತೇವೆ. ಎರಡೂ ಪ್ರತಿ ಒಂದೇ ಇದೆಯಾ ನೋಡಿಕೊಳ್ಳುತ್ತೇವೆ, ಬೀಗದಕೈ ಕೊಡುವ ದಿನ ತುಂಬುತ್ತೇವೆ, ಗಡಿಯಾರ ನೋಡಿ ಗಂಟೆ ನಿಮಿಷ ಬರೆದುಕೊಳ್ಳುತ್ತೇವೆ. ಆ ನಿಮಿಷದಿಂದ ಇಬ್ಬರೂ ಕಟ್ಟುಬಿದ್ದಂತೆ. ಸಾಮಾನ್ಯವಾಗಿ ಬೆಲೆಯ 10 ಪರ್ಸೆಂಟ್ ಡಿಪಾಸಿಟ್ ಹೋಗುವುದೂ ಆಗಲೇ. ಆಮೇಲೆ ನೀವು ಹಿಂದೆ ಸರಿದರೆ ಆ ದುಡ್ಡು ಹೋಯಿತು ಅಂತಲೇ ತಿಳಿಯಿರಿ. ಅದಕ್ಕೆ ಮೊದಲು ಯಾರು ಬೇಕಾದರೂ ಸುಮ್ನೆ ಎದ್ದು ಹೋಗಬಹುದು. ಕಾರಣ ಕೂಡ ಹೇಳಬೇಕಾಗಿಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ನಮ್ಮವರಿಗೆ ನಂಬಿಕೆ ಬರುವುದಿಲ್ಲ. ಒಂದು ಕತೆ ಹೇಳುತ್ತೇನೆ.

ದಾವಣಗೆರೆ ಕಡೆಯ ಗಂಡ ಹೆಂಡತಿ, ರೆಡಿಂಗ್‌ನಲ್ಲಿ ಬಾಡಿಗೆ ಫ್ಲಾಟಿನಲ್ಲಿದ್ದರು. ಫೆಬ್ರವರಿಯಲ್ಲಿ ಅವರ ಆಫರ್ ಒಪ್ಪಿಗೆಯಾಯಿತು. ಮಾರ್ಚಿನಲ್ಲಿ ಹುಡುಗ ಫೋನ್ ಮಾಡಿದ. "ಮೇಡಂ, ಮೇ ತಿಂಗಳಲ್ಲಿ ಒಳ್ಳೆ ಮುಹೂರ್ತ ಸಿಕ್ಕಿದೆ, ಗೃಹಪ್ರವೇಶ ಇಟ್ಟುಕೊಂಡಿದ್ದೀವಿ." ನಾನು ಕೇಳಿದೆ, "ಎಕ್ಸ್‌ಚೇಂಜೇ ಆಗಿಲ್ಲವಲ್ಲಪ್ಪ?" ಅವನು ನಕ್ಕ. "ಆಗುತ್ತೆ ಬಿಡಿ ಮೇಡಂ." ಏಪ್ರಿಲ್ ಹೊತ್ತಿಗೆ ಅವನ ತಾಯಿಗೆ ಟಿಕೆಟ್ ಆಗಿತ್ತು, ಲಂಡನ್ನಿನಿಂದ ಬರುವ ಪುರೋಹಿತರಿಗೆ ಹೇಳಿ ಆಗಿತ್ತು, 40 ಜನಕ್ಕೆ ಊಟ ಹೇಳಿ ಆಗಿತ್ತು. ಅದೆಲ್ಲ ಹೋಗಲಿ, ಬಾಡಿಗೆ ಮನೆಗೆ ನೋಟಿಸನ್ನೂ ಕೊಟ್ಟುಬಿಟ್ಟಿದ್ದ! ಅವತ್ತು ನಾನು ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಅವರಿಗೆ ಮನೆ ಮಾರುವವರು ನ್ಯೂಬರಿಯಲ್ಲಿ ಒಂದು ಮನೆ ಕೊಳ್ಳುವವರಿದ್ದರು. ನ್ಯೂಬರಿಯವರು ಆಕ್ಸ್‌ಫರ್ಡ್ ಹತ್ತಿರ ಒಬ್ಬ ಅಜ್ಜಿಯ ಮನೆ ಕೊಳ್ಳುವವರಿದ್ದರು. ಇದಕ್ಕೆ ಇಲ್ಲಿ ಚೈನ್ ಎನ್ನುತ್ತಾರೆ. ರೈಲು ಡಬ್ಬಿಗಳ ಹಾಗೆ, ಒಂದು ನಿಂತರೆ ಎಲ್ಲವೂ ನಿಂತವು. ಅಜ್ಜಿ ಮನೆ ಮಾರಿ ಮಗಳ ಜೊತೆ ಇರಬೇಕು ಅಂದುಕೊಂಡಿದ್ದರು. ಏಪ್ರಿಲ್ ಕೊನೆಯಲ್ಲಿ ಅವರ ಮನಸ್ಸು ಬದಲಾಯಿತು. ಇದ್ದಲ್ಲೇ ಇರುತ್ತೇನೆ ಅಂದರು. ತಪ್ಪು ಅಂತ ಹೇಗೆ ಹೇಳುವುದು? ನಾಲ್ಕು ಮನೆಯವರ ಲೆಕ್ಕಾಚಾರ ಒಂದೇ ಮಧ್ಯಾಹ್ನದಲ್ಲಿ ಬಿದ್ದುಹೋಯಿತು.

ಅಷ್ಟರಲ್ಲಿ ಹುಡುಗನ ತಾಯಿ ಬಂದಿಳಿದಿದ್ದರು. ಹಾಲು ಉಕ್ಕಿಸುವುದಕ್ಕೆ ಹಿತ್ತಾಳೆ ಪಾತ್ರೆಯನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದರು. ಮಗನ ಕೈಯಿಂದ ಫೋನ್ ತಗೊಂಡು ನನ್ನನ್ನೇ ಕೇಳಿದರು. "ಯವ್ವಾ, ಅವರು ಹೂಂ ಅಂದಿದ್ರಂತಲ್ಲ. ಹೂಂ ಅಂದಮ್ಯಾಲೆ ಮುಗೀತಲ್ಲ?" ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. "ಅಮ್ಮಾ, ಈ ದೇಶದಲ್ಲಿ ಹೂಂ ಅಂದದ್ದು ಲೆಕ್ಕಕ್ಕಿಲ್ಲ" ಅಂದೆ. ಆ ಕಡೆ ತುಂಬಾ ಹೊತ್ತು ಮಾತೇ ಇಲ್ಲ.

ಆಮೇಲೆ ಹುಡುಗ, "ಕೇಸ್ ಹಾಕಬಹುದಾ ಮೇಡಂ?" ಯಾರ ಮೇಲೆ ಹಾಕುವುದು? ಒಪ್ಪಂದವೇ ಹುಟ್ಟಿರಲಿಲ್ಲ. ಮನೆ ಗಟ್ಟಿ ಇದೆಯಾ ಅಂತ ನೋಡುವ ಸರ್ವೆಗೆ ಕೊಟ್ಟ ದುಡ್ಡು ಹೋಯಿತು, ಸ್ಥಳೀಯ ಆಡಳಿತದ ದಾಖಲೆ ನೋಡಿಸುವ ಕೌನ್ಸಿಲ್ ಸರ್ಚ್‌ಗೆ ಕೊಟ್ಟದ್ದು ಹೋಯಿತು. ನನ್ನ ಬಿಲ್ಲೂ ಇತ್ತು. ಕೇಳಲು ಮುಜುಗರವಾಯಿತು, ಕೇಳಿದೆ. ಬಾಡಿಗೆ ಮನೆಯವರ ಕೈಕಾಲು ಹಿಡಿದು ಅಲ್ಲೇ ಉಳಿದರು. ಅಕ್ಟೋಬರಿನಲ್ಲಿ ಬೇರೆ ಮನೆ ಕೂಡಿಬಂತು. ಅಷ್ಟು ಹೊತ್ತಿಗೆ ತಾಯಿ ಊರಿಗೆ ಹೋಗಿಯಾಗಿತ್ತು. ಪಾತ್ರೆ ಮಾತ್ರ ಇಲ್ಲೇ ಬಿಟ್ಟು ಹೋಗಿದ್ದರು. ಹಾಲು ಉಕ್ಕಿದ್ದನ್ನು ವಿಡಿಯೋ ಕಾಲಿನಲ್ಲಿ ನೋಡಿದರಂತೆ.

ಕತೆ ಉದ್ದವಾಯಿತು. ಲೀಸ್‌ಹೋಲ್ಡ್ ಬಗ್ಗೆ, ಅಂದರೆ ನೆಲ ಇನ್ನೊಬ್ಬರದು, ನಿಮಗೆ ಇಂತಿಷ್ಟು ವರ್ಷದ ಹಕ್ಕು ಮಾತ್ರ ಎನ್ನುವ ವ್ಯವಸ್ಥೆ ಬಗ್ಗೆ, ಎರಡು ಹಾಳೆ ಬರೆದು ತಂದಿದ್ದೆ, ಬಿಟ್ಟೆ. ಇಷ್ಟು ಸಾಕು: ಫ್ಲಾಟ್ ಕೊಳ್ಳುವಾಗ ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ ಅಂತ ಮೊದಲ ದಿನವೇ ಕೇಳಿ. 80ಕ್ಕಿಂತ ಕಡಿಮೆ ಅಂದರೆ ಆಫರ್ ಕೊಡುವ ಮೊದಲು ನನ್ನಂಥವರನ್ನು ಕೇಳಿ. ಇನ್ನೊಂದು, ಬ್ಯಾಂಕಿನವರು ಮಾಡಿಸುವ ವ್ಯಾಲ್ಯುಯೇಶನ್ ಅವರ ಸಾಲಕ್ಕಾಗಿ. ಗೋಡೆ ಬಿರುಕು ನೋಡುವ ಸರ್ವೆ ನಿಮ್ಮ ಖರ್ಚಿನಲ್ಲೇ ಆಗಬೇಕು. ಅದೂ ಎಕ್ಸ್‌ಚೇಂಜಿಗೆ ಮೊದಲು.

ಸ್ಟ್ಯಾಂಪ್ ಡ್ಯೂಟಿ ಮಾತ್ರ ಹೇಳಲೇಬೇಕು, ಅದು ನಮ್ಮವರಿಗೆ ಹೊಡೆಯುವ ಪೆಟ್ಟು. 4 ಲಕ್ಷ ಪೌಂಡಿನ ಮನೆ ಅಂತಿಟ್ಟುಕೊಳ್ಳಿ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ಮೊದಲ ಸಲ ಕೊಳ್ಳುವವರಿಗೆ 5,000 ಪೌಂಡ್. ಮಿಕ್ಕವರಿಗೆ 10,000. ಇನ್ನೊಂದು ಮನೆ ಇಟ್ಟುಕೊಂಡೇ ಇದನ್ನೂ ಕೊಂಡರೆ 30,000. ಆ ಇನ್ನೊಂದು ಮನೆ ಜಯನಗರದಲ್ಲಿದ್ದರೂ ಲೆಕ್ಕವೇ, ಹೆಂಡತಿಯ ಹೆಸರಲ್ಲಿದ್ದರೂ ಲೆಕ್ಕವೇ. "ಅದು ಇಂಡಿಯಾದಲ್ಲಿದೆಯಲ್ಲ ಮೇಡಂ" ಅಂತ ಬೀಗದಕೈ ಸಿಕ್ಕಿದ ಮೇಲೆ ಬಾಯಿಬಿಡಬೇಡಿ. ಎಕ್ಸ್‌ಚೇಂಜಿಗೆ ಮೊದಲೇ ಹೇಳಿ.

ಊರಿಂದ ಅಪ್ಪ ಅಮ್ಮ ದುಡ್ಡು ಕಳಿಸುತ್ತಿದ್ದರೆ, ಅದು ಅವರಿಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತೇವೆ. ಅನುಮಾನ ಪಡುತ್ತಿದ್ದಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಕಾನೂನು ಹಾಗಿದೆ. ನಮ್ಮ ಆಫೀಸಿನ ಅಕೌಂಟ್ ನಂಬರ್ ಬದಲಾಗಿದೆ ಅಂತ ಇಮೇಲ್ ಬಂದರೆ ದುಡ್ಡು ಕಳಿಸಬೇಡಿ. ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಮೋಸಗಾರರು ಕಾಯುವುದೇ ನೀವು ದುಡ್ಡು ಕಳಿಸುವ ವಾರಕ್ಕೆ.

ಕೊನೆಗೆ ಮುಹೂರ್ತದ ವಿಷಯ. ದುಡ್ಡು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಿ ಬೀಗದಕೈ ನಿಮ್ಮ ಕೈಗೆ ಬರುವಾಗ ಮಧ್ಯಾಹ್ನವಾಗಿರುತ್ತದೆ. ಶನಿವಾರ, ಭಾನುವಾರ ಆ ಕೆಲಸ ನಡೆಯುವುದಿಲ್ಲ. ಹಾಗಾಗಿ ಅದೇ ದಿನ ಬೆಳಗಿನ ಜಾವದ ಮುಹೂರ್ತ ಕೇಳಬೇಡಿ. ಒಂದು ವಾರ ಬಿಟ್ಟು ಇಟ್ಟುಕೊಳ್ಳಿ. ಪುರೋಹಿತರಿಗೆ ಫೋನ್ ಮಾಡುವ ಮೊದಲು ನನಗೊಂದು ಫೋನ್ ಮಾಡಿ. ನಾನು ಏನು ಕೇಳುತ್ತೇನೆ ಅಂತ ನಿಮಗೆ ಈಗ ಗೊತ್ತಲ್ವಾ. ನಮಸ್ಕಾರ.