ಟ್ರೈನರ್ ವಿಮಾನಕ್ಕೆ 61 ಎಂಜಿನ್? ಬೇಡ ಮಾರಾಯ್ರೆ

ನಮಸ್ಕಾರ. ವಿಜಯಪುರದ ಸುತ್ತ ಜೋಳ ಕಿತ್ತಾಗಿದೆ, ಹೊಲ ಖಾಲಿ, ಅಂದ್ರೆ ನಮ್ಮಂಥವರಿಗೆ ರಿಮೋಟ್ ವಿಮಾನ ಹಾರಿಸುವ ಕಾಲ. ಹೊಸಬರ ಪ್ರಶ್ನೆ ಪ್ರತಿ ವರ್ಷ ಒಂದೇ: ಅಣ್ಣಾ, ಟ್ರೈನರ್ (ಹಾರಿಸೋದು ಕಲಿಯುವ ವಿಮಾನ) ಡಬ್ಬಿ ಮೇಲೆ ಎಂಜಿನ್ 40ರಿಂದ 46 ಅಂತ ಇದೆ, 61 ಹಾಕ್ಲಾ?

ಬೇಡ.

46 ಅಂದ್ರೆ 0.46 ಘನ ಇಂಚು, ಸುಮಾರು 7.5 ಸಿಸಿ. 61 ಅಂದ್ರೆ 10 ಸಿಸಿ. ಎರಡೂವರೆ ಸಿಸಿ ತಾನೇ, ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಹಳೇ 61 ಒಂದು ಅಗ್ಗಕ್ಕೆ ಸಿಕ್ಕಿತು, ಐದಡಿ ರೆಕ್ಕೆಯ ಟ್ರೈನರ್‌ಗೆ ಕೂರಿಸಿದೆ. ಮೂಗು ಭಾರವಾಯಿತು. ಬ್ಯಾಟರಿ ಹಿಂದೆ ತಳ್ಳಿದೆ, ಸಾಲಲಿಲ್ಲ, ಬಾಲಕ್ಕೆ ಸೀಸ ಅಂಟಿಸಿದೆ. ಎಂಜಿನ್ ಭಾರ ಒಂದು, ಅದನ್ನು ತೂಗಿಸಲು ಸೀಸದ ಭಾರ ಇನ್ನೊಂದು. ಏರುವಾಗ ರಾಕೆಟ್ ಥರ ಏರಿತು, ಸುಳ್ಳು ಯಾಕೆ ಹೇಳಲಿ, ಮಜಾ ಬಂತು. ಇಳಿಸುವಾಗ ಗೊತ್ತಾಯಿತು. ಭಾರ ಏರಿದರೆ ಸ್ಟಾಲ್ ಸ್ಪೀಡ್, ಅಂದ್ರೆ ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ, ಕೂಡ ಏರುತ್ತದೆ, ನಿಧಾನ ಮಾಡಿದರೆ ಬೀಳುತ್ತದೆ, ಜೋರಾಗಿ ಇಳಿಸೋಣ ಅಂದ್ರೆ ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಹೇಗೆ ಬಿರಿದಿರುತ್ತದೆ ಗೊತ್ತಲ್ವಾ, ಕೈ ಹೋಗುವಷ್ಟು ಬಿರುಕು. ಮುಂದಿನ ಗಾಲಿ ಅದರಲ್ಲಿ ಸಿಕ್ಕಿ, ಎಂಜಿನ್ ಕೂರಿಸಿದ ಪ್ಲೈವುಡ್ ಹಲಗೆ ಸಮೇತ ಕಿತ್ತು ಬಂತು. ಎಂಜಿನ್‌ಗೆ ಏನೂ ಆಗಲಿಲ್ಲ ಬಿಡಿ. ಭಾರ ಎಳೆಯುವ ತೆರಬಂಡಿ ಸ್ಪರ್ಧೆಗೆ ಸಾಕಿದ ಎತ್ತನ್ನು ಸಣ್ಣ ಚಕ್ಕಡಿಗೆ ಕಟ್ಟಿದರೆ ಮುರಿಯೋದು ಚಕ್ಕಡಿ, ಎತ್ತಲ್ಲ.

ವೇಗವಾದರೂ ಸಿಗುತ್ತದಾ? ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಶಕ್ತಿ ಒಂದೂವರೆ ಪಟ್ಟಾದರೂ ವೇಗ ಹೆಚ್ಚೋದು ನೂರಕ್ಕೆ 15ರಷ್ಟು.

ಇಲ್ಲಿ ಒಂದು ವಾದ ಬರುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಏಪ್ರಿಲ್‌ನಲ್ಲಿ 40 ಡಿಗ್ರಿ, ಗಾಳಿ ತೆಳು, ಎಂಜಿನ್ ಸೊರಗುತ್ತದೆ, ಅದಕ್ಕೇ ದೊಡ್ಡದು ಬೇಕು ಅಂತ. ಮಾತು ಅರ್ಧ ಸರಿ. 15 ಡಿಗ್ರಿಯ ಕಡಲತೀರಕ್ಕೆ ಹೋಲಿಸಿದರೆ ಇಲ್ಲಿ ಆ ಹೊತ್ತಿಗೆ ಗಾಳಿ ನೂರಕ್ಕೆ ಸುಮಾರು 14ರಷ್ಟು ತೆಳು. ಆದರೆ ರೆಕ್ಕೆಗೂ ಸಿಗೋದು ಅದೇ ತೆಳು ಗಾಳಿ ತಾನೇ? ಅದರ ಮೇಲೆ ಇನ್ನಷ್ಟು ಭಾರ ಹೇರುವುದು ಯಾವ ಲೆಕ್ಕ? ಹಾಗಾಗಿ ನನ್ನ ಮಾತು ಇಷ್ಟೇ: ಡಬ್ಬಿಯಲ್ಲಿ ಹೇಳಿದ ಮೇಲಿನ ತುದಿ ಹಿಡಿಯಿರಿ, 40 ಬದಲು 46, ಅದನ್ನು ದಾಟಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ 40 ಮತ್ತು 46ರ ಮೈ ಒಂದೇ, ತೂಕವೂ ಹೆಚ್ಚುಕಮ್ಮಿ ಅಷ್ಟೇ. ಅರ್ಧ ಥ್ರಾಟಲ್‌ನಲ್ಲಿ ಹಾರಿಸಿ, ಬೇಕಾದಾಗ ಮಾತ್ರ ಪೂರ್ತಿ ಕೊಡಿ. ಇದೆಲ್ಲ ಟೂ ಸ್ಟ್ರೋಕ್ ಎಂಜಿನ್ ಮಾತು; ಫೋರ್ ಸ್ಟ್ರೋಕ್ ಆದರೆ ಲೆಕ್ಕ ಬೇರೆ, ಅದೇ ವಿಮಾನಕ್ಕೆ 52, 56 ಬೇಕಾಗುತ್ತದೆ, ಗಾಬರಿ ಬೇಡ.

ಎಳೆತ ಸಾಲದು ಅನಿಸಿದರೆ ಎಂಜಿನ್ ಬಿಡಿ, ಮೊದಲು ಪ್ರೊಪೆಲ್ಲರ್ ಬದಲಿಸಿ. 46ಕ್ಕೆ 11×6 ಇದ್ದರೆ 11×5 ಹಾಕಿ ನೋಡಿ. ಮೊದಲನೆಯದು ಇಂಚಿನಲ್ಲಿ ಪ್ರೊಪೆಲ್ಲರ್‌ನ ವ್ಯಾಸ, ಎರಡನೆಯದು ಪಿಚ್, ಅಂದ್ರೆ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಎಷ್ಟು ಇಂಚು ಮುಂದೆ ಹೋಗುತ್ತದೆ ಅನ್ನೋದು. ಪಿಚ್ ಕಮ್ಮಿ ಅಂದ್ರೆ ಬೈಕಿನ ಕೆಳಗಿನ ಗೇರ್ ಇದ್ದಂತೆ: ಎಳೆತ ಚೆನ್ನಾಗಿರುತ್ತದೆ, ಓಟ ಕಮ್ಮಿ, ಇಳಿಸುವಾಗ ಸ್ವಲ್ಪ ಬ್ರೇಕ್ ಕೂಡ ಸಿಗುತ್ತದೆ. ಒಂದು ಪ್ರೊಪೆಲ್ಲರ್‌ಗೆ ಎಷ್ಟಾಗುತ್ತದೆ, ಒಂದು ಎಂಜಿನ್‌ಗೆ ಎಷ್ಟಾಗುತ್ತದೆ, ನೀವೇ ವಿಚಾರಿಸಿ.

ನನ್ನ ಆ 61 ಇನ್ನೂ ಇದೆ. ಅದಕ್ಕೆ ತಕ್ಕ ಆರಡಿ ರೆಕ್ಕೆ ಕಟ್ಟುತ್ತಿದ್ದೇನೆ, ಎಡಗಡೆಯದು ಮುಗಿದಿದೆ.