ಲಿಂಕ್ ಒತ್ತಿದಾಗ ಹೊಸ ವಿಂಡೋ

ಕೇಳುಗರಿಗೆ ನಮಸ್ಕಾರ.

ಒಂದು ಉದ್ದನೆಯ ಫಾರ್ಮ್ ತುಂಬುತ್ತಿದ್ದೀರಿ ಅಂದುಕೊಳ್ಳಿ. ಅರ್ಧ ಮುಗಿದಿದೆ. ನಡುವೆ ‘ನಿಯಮಗಳು’ ಅಂತ ಒಂದು ಲಿಂಕ್. ಒತ್ತಿದ ಕೂಡಲೇ ಫಾರ್ಮ್ ಮಾಯವಾಗಿ ಆ ಜಾಗದಲ್ಲಿ ನಿಯಮಗಳು ಬಂದು ಕೂತವು. ಹಿಂದಕ್ಕೆ ಬಂದರೆ ತುಂಬಿದ್ದೆಲ್ಲ ಖಾಲಿಯಾಗಿರಬಹುದು. ಹೊಟ್ಟೆ ಉರಿಯುತ್ತದೆ, ಅಲ್ವಾ? ಇಂಥ ಕಡೆ ಲಿಂಕ್ ಹೊಸ ವಿಂಡೋದಲ್ಲೇ ತೆರೆಯಬೇಕು.

ಜಾವಾಸ್ಕ್ರಿಪ್ಟ್ ಅಂದರೆ ಬ್ರೌಸರ್‌ನೊಳಗೆ ಓಡುವ ಪ್ರೋಗ್ರಾಮ್ ಬರೆಯುವ ಭಾಷೆ. ಅದರಲ್ಲಿ ಈ ಕೆಲಸಕ್ಕೆ ಒಂದು ಸಾಲು ಸಾಕು. ವಿಂಡೋ, ಒಂದು ಚುಕ್ಕಿ, ಓಪನ್. ಆವರಣದೊಳಗೆ ಮೂರು ವಿಷಯ: ಪುಟದ ವಿಳಾಸ, ವಿಂಡೋಗೊಂದು ಹೆಸರು, ಅಗಲ ಎತ್ತರ. ಹೆಸರು ಸುಮ್ನೆ ಇರುವುದಲ್ಲ. ಹತ್ತು ಲಿಂಕ್‌ಗೂ ಒಂದೇ ಹೆಸರು ಕೊಟ್ಟರೆ ಹತ್ತೂ ಒಂದೇ ವಿಂಡೋದಲ್ಲಿ ತೆರೆಯುತ್ತವೆ. ಪರದೆ ತುಂಬ ವಿಂಡೋ ಹರಡಿಕೊಳ್ಳುವುದಿಲ್ಲ.

ನನ್ನ ಒತ್ತಾಯ ಒಂದೇ. ಲಿಂಕ್‌ನ ಎಚ್‌ರೆಫ್‌ನಲ್ಲಿ, ಅಂದರೆ ಲಿಂಕ್ ಎಲ್ಲಿಗೆ ಹೋಗಬೇಕು ಅಂತ ಬರೆಯುವ ಜಾಗದಲ್ಲಿ, ನಿಜವಾದ ವಿಳಾಸವನ್ನೇ ಬರೆಯಿರಿ. ಬರೀ ಹ್ಯಾಶ್ ಗುರುತು ಹಾಕಿ, ವಿಳಾಸವನ್ನು ಸ್ಕ್ರಿಪ್ಟ್‌ನಲ್ಲಿ, ಅಂದರೆ ಆ ಜಾವಾಸ್ಕ್ರಿಪ್ಟ್ ಸಾಲುಗಳಲ್ಲಿ, ಬಚ್ಚಿಡುವವರು ಜಾಸ್ತಿ. ಸ್ಕ್ರಿಪ್ಟ್ ಓಡದಿದ್ದರೆ ಆ ಲಿಂಕ್ ಸತ್ತ ಹಾಗೆ.

ಸ್ಕ್ರಿಪ್ಟ್ ಓಡಿದರೂ ವಿಂಡೋ ತೆರೆಯದೇ ಇರಬಹುದು. ಹಿಂದೆ ಜಾಹೀರಾತಿನ ಪಾಪ್‌ಅಪ್‌ಗಳು ಕೇಳದೇ ನುಗ್ಗುತ್ತಿದ್ದವು. 2004ರಲ್ಲಿ ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಅವನ್ನು ತಡೆಯುವ ಸೌಲಭ್ಯ ಬಂತು. ಈಗ ಓದುಗರು ತಾವೇ ಒತ್ತದೆ ವಿಂಡೋ ತೆರೆಯಹೋದರೆ ಬ್ರೌಸರ್ ಸಾಮಾನ್ಯವಾಗಿ ತಡೆಯುತ್ತದೆ. ಆಗ ಓಪನ್ ನಿಮ್ಮ ಕೈಗೆ ‘ನಲ್’ ಕೊಡುತ್ತದೆ, ಅಂದರೆ ಏನೂ ಇಲ್ಲ. ಅದನ್ನು ನೋಡಿಕೊಳ್ಳಿ. ವಿಂಡೋ ಸಿಕ್ಕಿದರೆ ಮಾತ್ರ ಲಿಂಕ್‌ನ ಮಾಮೂಲಿ ಕೆಲಸ ನಿಲ್ಲಿಸಿ. ಸಿಗದಿದ್ದರೆ ಲಿಂಕ್ ತನ್ನ ಪಾಡಿಗೆ ಪುಟ ತೆರೆಯಲಿ.

ಬೇರೆಯವರ ಸೈಟ್‌ಗೆ ಹೋಗುವ ಲಿಂಕ್ ಆದರೆ ಇನ್ನೂ ಎಚ್ಚರ ಬೇಕು. ಓಪನ್‌ನಿಂದ ತೆರೆದ ಪುಟಕ್ಕೆ ‘ಓಪನರ್’ ಎಂಬ ಹಿಡಿ ಸಿಗುತ್ತದೆ. ಕೆಟ್ಟ ಪುಟವೊಂದು ಅದನ್ನು ಹಿಡಿದು, ಹಿಂದೆ ಉಳಿದ ನಿಮ್ಮ ಪುಟದ ಜಾಗದಲ್ಲಿ ನಕಲಿ ಲಾಗಿನ್ ಪುಟ ತಂದು ಕೂರಿಸಬಹುದು. ಓದುಗರು ವಾಪಸ್ ಬಂದು ನಂಬಿಕೆಯಿಂದ ಪಾಸ್‌ವರ್ಡ್ ಹಾಕಿಬಿಡುತ್ತಾರೆ. ಅಂಥ ಲಿಂಕ್‌ಗೆ ಸ್ಕ್ರಿಪ್ಟೇ ಬೇಡ. ಲಿಂಕ್‌ಗೇ ಟಾರ್ಗೆಟ್ ಬ್ಲ್ಯಾಂಕ್ ಹಾಕಿ, ಅಂದರೆ ಹೊಸದಾಗಿ ತೆರೆ ಎನ್ನುವ ಸೂಚನೆ. ಜೊತೆಗೆ ಲಿಂಕ್‌ನ ‘ರೆಲ್’ ಎಂಬ ಜಾಗದಲ್ಲಿ ‘ನೋಓಪನರ್’ ಸೇರಿಸಿ, ಅಂದರೆ ಆ ಹಿಡಿ ಕೊಡಬೇಡ ಅಂತ. ಹೊಸ ಬ್ರೌಸರ್‌ಗಳು ಟಾರ್ಗೆಟ್ ಬ್ಲ್ಯಾಂಕ್‌ಗೆ ಇದನ್ನು ತಾವೇ ಅನ್ವಯಿಸುತ್ತವೆ. ಹಳೆಯವಕ್ಕಾಗಿ ಬರೆದಿಡುವುದು ಒಳ್ಳೆಯದು.

ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಿಂದ ಪುಟ ಕೇಳುತ್ತಾರೆ. ಹೊಸ ವಿಂಡೋ ಬಂದದ್ದು ಗೊತ್ತಾಗದೆ ಅವರು ‘ಬ್ಯಾಕ್’ ಒತ್ತುತ್ತಾರೆ, ಏನೂ ಆಗುವುದಿಲ್ಲ. ಅದಕ್ಕೇ ಲಿಂಕ್‌ನ ಮಾತಿನೊಳಗೇ ‘ಹೊಸ ವಿಂಡೋದಲ್ಲಿ ತೆರೆಯುತ್ತದೆ’ ಅಂತ ಸೇರಿಸಿ. ಒತ್ತುವ ಮುಂಚೆಯೇ ಅವರಿಗೆ ಅದು ಕೇಳಿಸುತ್ತದೆ.

ನಮಸ್ಕಾರ.